ಹಳೆಯ ಮೋಟಾರಿಗೆ ಹೊಸ ಕಣ್ಣು

ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿಯಿಂದ ಮುಧೋಳಕ್ಕಾಗಲಿ, ರಬಕವಿ-ಬನಹಟ್ಟಿಯಿಂದ ಜಮಖಂಡಿಗಾಗಲಿ ರಾತ್ರಿ ಕಾರು ನಡೆಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರು ಮುಂದೆ ಹೋಗುತ್ತಿರುತ್ತದೆ. ಹೇರಿದ ಕಬ್ಬಿನ ಗರಿ ಹಿಂದಕ್ಕೆ ಚಾಚಿ, ಇದ್ದೊಂದು ಕೆಂಪು ದೀಪವನ್ನೂ ಮುಚ್ಚಿರುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕನ್ನು ಮುಟ್ಟುವುದರೊಳಗೇ ಅಷ್ಟು ದಾರಿ ಮುಗಿದಿರುತ್ತದೆ. ಆದುದರಿಂದ ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಅಕ್ಕರೆಯಿಂದ ಉಳಿಸಿಕೊಂಡು ಬಂದಿರುವ ಮನೆಯವರು ಅದರ ಬಣ್ಣ, ಹೊಳಪುಗಳಿಗಿಂತ ಮೊದಲು ಅದರ ಕಣ್ಣುಗಳನ್ನು ನೋಡಬೇಕು.

ಈ ಎರಡು ಕಾರುಗಳ ಮೂಲ 1950ರ ದಶಕದ್ದು. ಒಂದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿ, ಇನ್ನೊಂದು ಇಟಲಿಯ ಫಿಯೆಟ್ 1100ರದು. ಅಂಬಾಸಿಡರಿನ ತಯಾರಿಕೆ 2014ರವರೆಗೂ ನಡೆಯಿತು. ಆ ಮೊದಲ ದಶಕಗಳ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಬಲ್ಬು ಮೇಲುಬೆಳಕಿಗೆ 45 ವ್ಯಾಟು, ಕೆಳಬೆಳಕಿಗೆ 40 ವ್ಯಾಟಿನದು. ಅಂದಿನ ರಸ್ತೆಗೂ ಅಂದಿನ ವೇಗಕ್ಕೂ ಅದು ಸಾಕಾಗಿತ್ತು.

ಈಗ ಬೆಳಕು ಮಂಕಾಯಿತೆಂದು ಕಂಡೊಡನೆ ಬಹಳ ಮಂದಿ ನೆಟ್ಟಗೆ ಅಂಗಡಿಗೆ ಹೋಗಿ, ಇದ್ದುದರಲ್ಲಿ ಹೆಚ್ಚು ವ್ಯಾಟಿನ ಬಲ್ಬನ್ನು ತಂದು ಹಾಕಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ಘಟಪ್ರಭೆಯ ಕಾಲುವೆಯನ್ನು ನೆನೆಯಿರಿ. ತಲೆಯಲ್ಲಿ ಎಷ್ಟೇ ನೀರು ಬಿಟ್ಟರೂ ನಡುವೆ ಹೂಳು ತುಂಬಿದ್ದರೆ ಕೊನೆಯ ಹೊಲಕ್ಕೆ ಮುಟ್ಟುವುದು ತೇವ ಮಾತ್ರ. ಹಳೆಯ ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ಹೊರಟು ಚಾಲಕನ ಮುಂದಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರಿಗೆ ಇಳಿದು, ಸಪೂರ ತಂತಿಯಲ್ಲಿ ಮತ್ತೆ ಮೂತಿಯವರೆಗೆ ಹೋಗಬೇಕು. ಜೋಡಣೆಗಳೆಲ್ಲ ಕಿಲುಬು ಹಿಡಿದಿರುತ್ತವೆ. ಮರಳಿ ಹೋಗುವ ದಾರಿಯಾದ ಕಾರಿನ ಮೈ ತುಕ್ಕು ತಿಂದಿರುತ್ತದೆ. ಬಲ್ಬಿಗೆ ಮುಟ್ಟುವ ವೋಲ್ಟೇಜು ನೂರಕ್ಕೆ 10ರಷ್ಟು ಇಳಿದರೆ ಬೆಳಕು ಇಳಿಯುವುದು 10ರಷ್ಟಲ್ಲ, ಸುಮಾರು 30ರಷ್ಟು! ಪಾವರ್‌ಲೂಮುಗಳು ಒಮ್ಮೆಲೇ ಶುರುವಾದಾಗ ಮನೆಯ ದೀಪ ಹೇಗೆ ಕೆಂಪಗಾಗುತ್ತಿತ್ತೆಂಬುದನ್ನು ಬನಹಟ್ಟಿಯ ಹಿರಿಯರು ಬಲ್ಲರು.

ಇಂಥ ತಂತಿಗೆ 100 ವ್ಯಾಟಿನ ಎರಡು ಬಲ್ಬುಗಳನ್ನು ಹೇರಿದರೆ ಸುಮಾರು 17 ಆಂಪಿಯರು ಹರಿಯಬೇಕಾಗುತ್ತದೆ. ಹಳೆಯ ಡೈನಮೋ ತನ್ನ ಪೂರ್ಣ ಶಕ್ತಿಯಲ್ಲಿ ಕೊಡುವುದೇ 20ರ ಆಸುಪಾಸು. ಬೆಳಕು ಬರುವ ಬದಲು ಸ್ವಿಚ್ಚು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ.

ಮೊದಲು ಮೀಟರು ಹಿಡಿದು ಅಳೆಯಿಸಿರಿ. ಎಂಜಿನು ನಡೆಯುತ್ತಿರುವಾಗ, ದೀಪ ಹಚ್ಚಿ, ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಬಲ್ಬಿನ ತುದಿಗಳಲ್ಲಿ ಒಮ್ಮೆ. ಎರಡಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ರೋಗ ತಂತಿಯಲ್ಲಿದೆ. ಇದಕ್ಕೆ ಮದ್ದು ರಿಲೇ ಎಂಬ ಚಿಕ್ಕ ಡಬ್ಬಿ. ಅದರೊಳಗೆ ವಿದ್ಯುದಯಸ್ಕಾಂತವೊಂದಿರುತ್ತದೆ. ಹಳೆಯ ಸ್ವಿಚ್ಚು ಆ ಅಯಸ್ಕಾಂತಕ್ಕೆ ಅಪ್ಪಣೆ ಕೊಡುವಷ್ಟು ಅಲ್ಪ ವಿದ್ಯುತ್ತನ್ನು ಮಾತ್ರ ಒಯ್ಯುತ್ತದೆ. ಅಯಸ್ಕಾಂತ 'ಟಕ್' ಎಂದು ಕೂಡಿದಾಗ ಬ್ಯಾಟರಿಯಿಂದ ಬಲ್ಬಿಗೆ ದಪ್ಪ ತಂತಿಯ ಹತ್ತಿರದ ದಾರಿ ತೆರೆಯುತ್ತದೆ. ಧಣಿ ಕೂತಲ್ಲಿಂದ ಸನ್ನೆ ಮಾಡುತ್ತಾನೆ, ಹೊರೆ ಹೊರುವವನು ಬೇರೆ. ಮೇಲುಬೆಳಕಿಗೊಂದು, ಕೆಳಬೆಳಕಿಗೊಂದು ರಿಲೇ, ಬ್ಯಾಟರಿಯ ಹತ್ತಿರವೇ ಫ್ಯೂಜುಗಳು, ದೀಪದ ಗೂಡಿನಿಂದ ನೇರ ಬ್ಯಾಟರಿಗೆ ಅರ್ಥಿಂಗ್ ತಂತಿ: ಊರಿನ ಆಟೋ ಎಲೆಕ್ಟ್ರೀಷಿಯನ್ ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಇಷ್ಟಕ್ಕೇ ಹಳೆಯ ಬಲ್ಬೇ ಎಷ್ಟು ಬೆಳಗುವುದೆಂದು ನೋಡಿ ತಾವೇ ಬೆರಗಾಗುವಿರಿ.

ಅನಂತರ ಬಲ್ಬಿನ ಮಾತು. 1971ರಲ್ಲಿ ಬಂದ ಎಚ್-4 ಹ್ಯಾಲೊಜೆನ್ ಬಲ್ಬು 60 ಮತ್ತು 55 ವ್ಯಾಟಿನದು. ವ್ಯಾಟು ಸ್ವಲ್ಪವೇ ಹೆಚ್ಚು, ಆದರೆ ಮೇಲುಬೆಳಕಿನಲ್ಲಿ ಹೊಮ್ಮುವ ಪ್ರಕಾಶ ಹಳೆಯದರ ಹತ್ತಿರ ಹತ್ತಿರ ಇಮ್ಮಡಿ. ಹ್ಯಾಲೊಜೆನ್ ಎಂಬುದು ಗ್ರೀಕ್ ಮೂಲದ ಪದ, 'ಲವಣಜನಕ' ಎಂದರ್ಥ. ಹೀಗೆ ಕನ್ನಡಿಸಿದರೆ ಒಪ್ಪುವಂತಿದೆ. ಸಾದಾ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತು ಆವಿಯಾಗಿ ಗಾಜಿಗೆ ಅಂಟಿ ಕಪ್ಪಾಗಿಸುತ್ತದೆ. ಇಲ್ಲಿ ಬ್ರೋಮಿನ್, ಅಯೊಡಿನ್‌ಗಳಂಥ ಲವಣಜನಕವು ಆ ಆವಿಯನ್ನು ಹಿಡಿದು ಮತ್ತೆ ತಂತುವಿಗೇ ಒಪ್ಪಿಸುತ್ತದೆ. ಹೀಗಾಗಿ ತಂತುವನ್ನು ಇನ್ನೂ ಬಿಳುಪಾಗಿ ಕಾಯಿಸಬಹುದು. ಇದರ ಗಾಜನ್ನು ಬರಿಗೈಯಿಂದ ಮುಟ್ಟಬಾರದು; ಬೆವರಿನ ಕಲೆ ಬಿದ್ದಲ್ಲಿ ಅದು ಕಾದು ಒಡೆಯಬಹುದು. ಹಳೆಯ ಬಲ್ಬಿನ ಬುಡವೂ ಇದರ ಬುಡವೂ ಬೇರೆಯಾದುದರಿಂದ ಏಳು ಅಂಗುಲದ ಗಾಜು-ಕನ್ನಡಿಯ ಜೋಡಣೆಯನ್ನೇ ಹೊಸದಾಗಿ ಕೊಳ್ಳುವುದು ಮೇಲು. ಕೊಳ್ಳುವಾಗ ಎಡಗಡೆ ನಡೆಯುವ ದೇಶದ ಗಾಜೆಂದು ಖಚಿತಪಡಿಸಿಕೊಳ್ಳಿರಿ. ಕೆಳಬೆಳಕು ನಮ್ಮ ಎಡದಂಚಿಗೆ, ಎತ್ತಿನ ಬಂಡಿ ಹೋಗುವ ಕಡೆಗೆ, ಏರಬೇಕು. ಬಲಗಡೆ ನಡೆಯುವ ದೇಶದ ಗಾಜು ಅದನ್ನು ಎದುರಿನವನ ಕಣ್ಣಿಗೇ ಎತ್ತುತ್ತದೆ.

ಇಂದು ಎಲ್ಲೆಡೆ ಸಿಕ್ಕುವ ಎಲ್‌ಇಡಿ ಬಲ್ಬುಗಳ ವಿಷಯದಲ್ಲಿ ನನಗೆ ಅಷ್ಟು ವಿಶ್ವಾಸವಿಲ್ಲ. ವಿದ್ಯುತ್ತನ್ನು ಅವು ಕಡಮೆ ತಿನ್ನುತ್ತವೆ, ನಿಜ. ಆದರೆ ಕನ್ನಡಿಯನ್ನು ಕಡೆದಿರುವುದು ಕೂದಲೆಳೆಯಂಥ ತಂತು ಒಂದೇ ತಾವಿನಲ್ಲಿ ಉರಿಯುವುದೆಂಬ ಲೆಕ್ಕದಿಂದ. ಬೆಳಕಿನ ತಾವು ಒಂದೆರಡು ಮಿಲಿಮೀಟರು ಜಾರಿದರೂ ಕಿರಣಗಳು ಚದರುತ್ತವೆ. ಬೀಳಗಿಯ ಕಡೆಯಿಂದ ಎದುರು ಬರುವ ಮೋಟಾರ್ ಸೈಕಲ್ಲಿನವನು ಕುರುಡಾದರೆ ತಮಗೇನು ಲಾಭ? ಬೆಳಕು ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಅಗ್ಗದ ಕೆಲವು ಎಲ್‌ಇಡಿಗಳು ಕಾರಿನ ರೇಡಿಯೋದಲ್ಲಿ ಗರಗರ ಸದ್ದನ್ನೂ ಎಬ್ಬಿಸುತ್ತವೆ. ವಾರ್ತೆ ಕೇಳುವವರಿಗೆ ಇದೂ ಒಂದು ಕಿರಿಕಿರಿ.

ಕಡೆಗೆ ಬೆಳಕನ್ನು ನೆಲೆಗೊಳಿಸುವ ಕೆಲಸ. ಸಮನೆಲದಲ್ಲಿ ಗೋಡೆಗೆ 10 ಮೀಟರು ದೂರ ಕಾರನ್ನು ನಿಲ್ಲಿಸಿ, ಚಕ್ರದ ಗಾಳಿ ಸರಿಮಾಡಿ, ಹಿಂದಿನ ಸೀಟಿನಲ್ಲಿ ಒಬ್ಬಿಬ್ಬರನ್ನು ಕೂರಿಸಿರಿ. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಕೆಳಬೆಳಕಿನ ಮೇಲಂಚು ಅದಕ್ಕಿಂತ ಸುಮಾರು 10 ಸೆಂಟಿಮೀಟರು ಕೆಳಗೆ ಬೀಳುವಂತೆ ದೀಪದ ಅಂಚಿನ ತಿರುಪುಗಳನ್ನು ತಿರುಗಿಸಬೇಕು. ಹಂಗಾಮು ಮುಗಿಯುವವರೆಗೆ, ಹೊರಡುವ ಮೊದಲು ಗಾಜಿನ ಮೇಲಿನ ಧೂಳನ್ನು ಒದ್ದೆ ಅರಿವೆಯಿಂದ ಒರೆಸುವುದನ್ನು ಬಿಡಬೇಡಿರಿ. ಒಳಗಿನ ಕನ್ನಡಿಗೆ ಮಾತ್ರ ಅರಿವೆ ತಾಗಿಸಬಾರದು, ಅದರ ಲೇಪ ಕಿತ್ತುಬರುತ್ತದೆ.