ಸುತ್ತುವ ದೇಹದ ಸ್ಥೈರ್ಯ

ಕಥಕ್ ನೃತ್ಯದ ಸಭೆಯಲ್ಲಿ ತಬಲಾ ದ್ರುತಲಯಕ್ಕೇರಿ, ನರ್ತಕಿಯು ತಿಹಾಯಿಯೊಂದನ್ನು ಚಕ್ಕರುಗಳಿಂದ, ಎಂದರೆ ಸುತ್ತುಗಳಿಂದ, ಪೂರೈಸಲು ತೊಡಗಿದೊಡನೆ, ಸಭಿಕರಲ್ಲಿ ಹಲವರು ತಮಗರಿವಿಲ್ಲದೆಯೇ ಎಣಿಸತೊಡಗುತ್ತಾರೆ. ಒಂಬತ್ತು, ಹದಿನೆಂಟು, ಇಪ್ಪತ್ತೇಳು ಎಂದು ಎಣಿಕೆ ಮೇಲೇರಿದಂತೆಲ್ಲ ಕರತಾಡನವೂ ಮೇಲೇರುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿಯು ಧೀಂಗಿಣ ಹಾರುವಾಗಲೂ, ಬಡಗುತಿಟ್ಟಿನಲ್ಲಿ ಮಂಡಿಯೂರಿ ಸುತ್ತುವಾಗಲೂ ಬಯಲಿನಲ್ಲಿ ಕುಳಿತ ಜನ ಇದೇ ಲೆಕ್ಕವನ್ನು ಹಾಕುತ್ತಾರೆ. ಈ ವಿಸ್ಮಯ ಸಹಜವಾದದ್ದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅದರ ನೆರಳಿನಲ್ಲಿ ಕೆಲವು ತಪ್ಪು ಕಲ್ಪನೆಗಳು ಬೆಳೆದು ನಿಂತಿವೆ: ವೇಗವೇ ಸ್ಥೈರ್ಯದ ಮೂಲವೆಂದು, ಬಲವಾಗಿ ಬೀಸಿಕೊಂಡಷ್ಟೂ ಸುತ್ತುಗಳು ಹೆಚ್ಚುವುವೆಂದು, ತಲೆ ಸುತ್ತದಿರುವುದು ಹುಟ್ಟಿನಿಂದಲೇ ಬಂದ ವರವೆಂದು. ಇವನ್ನು ನಂಬಿ, ಅಭ್ಯಾಸದ ಮೊದಲ ತಿಂಗಳುಗಳಲ್ಲೇ ‘ಇದು ನನ್ನ ದೇಹಕ್ಕೆ ಒಗ್ಗುವಂಥದ್ದಲ್ಲ’ ಎಂದು ಹಿಂಜರಿಯುವ ಮಕ್ಕಳನ್ನು ಕಂಡಾಗ ಮನಸ್ಸು ನೋಯುತ್ತದೆ. ಏಕೆಂದರೆ ಅವರಲ್ಲಿ ಬಹುಮಂದಿಗೆ ಕೊರತೆಯಾದದ್ದು ಶಕ್ತಿಯಲ್ಲ, ಸರಿಯಾದ ತಿಳಿವಳಿಕೆ.

ಸುತ್ತುವಿಕೆ ನಮ್ಮ ನೃತ್ಯಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಭರತನ ನಾಟ್ಯಶಾಸ್ತ್ರವು ಹೇಳುವ ೧೬ ಆಕಾಶಿಕೀ ಚಾರಿಗಳಲ್ಲಿ ಭ್ರಮರಿಯೂ ಒಂದು. ನಂದಿಕೇಶ್ವರನ ಅಭಿನಯದರ್ಪಣವು ಉತ್ಪ್ಲುತ, ಚಕ್ರ, ಗರುಡ, ಏಕಪಾದ, ಕುಂಚಿತ, ಆಕಾಶ, ಅಂಗ ಎಂದು ಏಳು ಭ್ರಮರಿಗಳನ್ನು ಲಕ್ಷಣಸಹಿತವಾಗಿ ನಿರೂಪಿಸುತ್ತದೆ. ಆ ಲಕ್ಷಣಗಳನ್ನು ಗಮನವಿಟ್ಟು ಓದಿದರೆ, ಪಾದವು ಎಲ್ಲಿರಬೇಕು, ಮೊಣಕಾಲು ಹೇಗಿರಬೇಕು, ತೋಳುಗಳು ಎತ್ತ ಚಾಚಬೇಕು ಎಂಬ ಮಾತು ಅಲ್ಲಿ ಕಾಣುವುದೇ ಹೊರತು, ಎಷ್ಟು ಸುತ್ತು ಸುತ್ತಬೇಕೆಂಬ ಸಂಖ್ಯೆಯು ಕಾಣುವುದಿಲ್ಲ. ಶಾಸ್ತ್ರಕಾರನ ಕಣ್ಣು ದೇಹದ ವಿನ್ಯಾಸದ ಮೇಲಿತ್ತು. ಕಲಿಯುವವರ ಕಣ್ಣೂ ಮೊದಲು ಅಲ್ಲಿಯೇ ಇರತಕ್ಕದ್ದು.

ಈ ಕಲ್ಪನೆಗಳಲ್ಲಿ ಆಳವಾಗಿ ಬೇರೂರಿರುವುದು ಬುಗುರಿಯ ಕಲ್ಪನೆ. ಬುಗುರಿಯು ರಭಸದಿಂದ ತಿರುಗುವಾಗ ನೆಟ್ಟಗೆ ನಿಂತು, ವೇಗ ಕುಂದಿದೊಡನೆ ಓಲಾಡಿ ಬೀಳುವುದನ್ನು ಕಂಡವರು, ನರ್ತಕನೂ ಹಾಗೆಯೇ ವೇಗದ ಬಲದಿಂದ ನಿಂತಿರುತ್ತಾನೆಂದು ಊಹಿಸುತ್ತಾರೆ. ಹೋಲಿಕೆ ಮನೋಹರವಾದರೂ ನಿಜವಲ್ಲ. ಬುಗುರಿಯನ್ನು ಎತ್ತಿ ನಿಲ್ಲಿಸುವ ಗುಣವು, ಅಷ್ಟು ಪುಟ್ಟ ವಸ್ತುವು ಅಷ್ಟು ತೀವ್ರವಾಗಿ ತಿರುಗುವುದರಿಂದ ಉಂಟಾದದ್ದು. ಮನುಷ್ಯದೇಹವಾದರೋ ಎತ್ತರವಾದದ್ದು, ಅಂಗೈಗಿಂತ ಕಿರಿದಾದ ಆಧಾರದ ಮೇಲೆ ನಿಂತದ್ದು, ನುರಿತವರ ವಿಷಯದಲ್ಲಿಯೂ ಸೆಕೆಂಡಿಗೆ ಎರಡು ಸುತ್ತುಗಳ ಆಸುಪಾಸಿನಲ್ಲೇ ತಿರುಗುವಂಥದ್ದು. ಆ ವೇಗದಲ್ಲಿ ಬುಗುರಿಗೆ ದೊರೆಯುವ ರಕ್ಷಣೆ ದೇಹಕ್ಕೆ ದೊರೆಯಲಾರದು. ಸುತ್ತುತ್ತಿರುವ ನರ್ತಕಿ ಬೀಳುವ ಬಗೆಯು, ಒಂಟಿಕಾಲಿನ ಮೇಲೆ ಸುಮ್ಮನೆ ನಿಂತವರು ಬೀಳುವ ಬಗೆಗಿಂತ ಹೆಚ್ಚು ಭಿನ್ನವಾದುದಲ್ಲ. ಮನುಷ್ಯನಷ್ಟು ಎತ್ತರದ ಕಾಯವೊಂದು ತನ್ನ ಆಧಾರಬಿಂದುವಿನಿಂದ ಒಂದಿಷ್ಟು ವಾಲಿತೆಂದರೆ, ಆ ವಾಲುವಿಕೆಯನ್ನು ತಡೆಯುವ ಪ್ರಯತ್ನವಾಗದಿದ್ದಲ್ಲಿ, ಅದು ಸರಿಸುಮಾರು ಕಾಲು ಸೆಕೆಂಡಿಗೊಮ್ಮೆ ಇಮ್ಮಡಿಸುತ್ತ ಹೋಗುತ್ತದೆ. ಹೊರಡುವಾಗ ಕಣ್ಣಿಗೂ ಕಾಣದಷ್ಟಿದ್ದ ಓರೆ, ಎರಡು ಸುತ್ತು ಮುಗಿಯುವ ಒಂದು ಸೆಕೆಂಡಿನೊಳಗೆ ಹದಿನಾರು ಪಟ್ಟು ಬೆಳೆದಿರುತ್ತದೆ. ಮೂರನೆಯ ಸುತ್ತಿನಲ್ಲಿ ಹೆಜ್ಜೆ ತಪ್ಪಿತೆಂದು ವಿದ್ಯಾರ್ಥಿಗಳು ಹೇಳುವುದುಂಟು. ತಪ್ಪಿದ್ದು ಬಹುಮಟ್ಟಿಗೆ ಹೊರಟ ಗಳಿಗೆಯಲ್ಲಿಯೇ.

ಆದಕಾರಣ ಹಿಂದಿನ ಗುರುಗಳು ಚಕ್ಕರನ್ನು ಕಲಿಸುವ ಮುನ್ನ ನಿಲ್ಲುವುದನ್ನು ಕಲಿಸುತ್ತಿದ್ದುದರಲ್ಲಿ ದೊಡ್ಡ ವಿವೇಕವಿದೆ. ಎಡಪಾದದ ಮೇಲೆ ಇಡೀ ಭಾರವನ್ನು ತಂದು, ಕಿವಿ, ಭುಜ, ಸೊಂಟದ ಕೀಲು, ಪಾದ ಇವು ಒಂದೇ ಲಂಬರೇಖೆಯಲ್ಲಿ ಬರುವಂತೆ ನಿಂತು, ಮೊದಲು ಕಾಲು ಸುತ್ತು, ಅದು ಸ್ಥಿರವಾದ ಮೇಲೆ ಅರ್ಧ ಸುತ್ತು, ತರುವಾಯ ಪೂರ್ಣ ಸುತ್ತು ಎಂಬ ಕ್ರಮದಲ್ಲಿ, ಪ್ರತಿ ಸಲವೂ ಸುತ್ತಿನ ಕೊನೆಯಲ್ಲಿ ಅಲುಗದೆ ನಿಲ್ಲಲು ಸಾಧ್ಯವಾದರೆ ಮಾತ್ರ ಮುಂದಕ್ಕೆ ಹೋಗುವುದು ಬೇಸರದ ಕೆಲಸವೆಂದು ತೋರಬಹುದು. ಆದರೆ ಈ ಅಭ್ಯಾಸದಲ್ಲಿ ಪಾದದ ಕೀಲಿನ ಸಣ್ಣ ಸಣ್ಣ ಸ್ನಾಯುಗಳು ವಾಲುವಿಕೆಯನ್ನು ಅದು ಕಿರಿದಾಗಿರುವಾಗಲೇ ಗ್ರಹಿಸಿ ತಿದ್ದುವ ಶಕ್ತಿಯನ್ನು ಪಡೆಯುತ್ತವೆ. ತಲೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ವಯಸ್ಕರ ತಲೆ ನಾಲ್ಕೈದು ಕಿಲೋಗ್ರಾಂ ತೂಗುತ್ತದೆ. ನೆಲವನ್ನು ನೋಡುತ್ತ ಸುತ್ತಿದರೆ ಜೋಲಿ ತಪ್ಪುವುದಿಲ್ಲವೆಂದು ನಂಬಿ ಕತ್ತು ಬಗ್ಗಿಸುವವರು, ಅಷ್ಟು ಭಾರವನ್ನು ತಮ್ಮ ಅಕ್ಷದಿಂದ ಆಚೆಗೆ ಚಾಚಿ, ಬೀಳುವುದಕ್ಕೆ ತಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಬೀಸಿಕೊಂಡಷ್ಟೂ ಸುತ್ತುಗಳು ಹೆಚ್ಚುವುವೆಂಬುದು ಎರಡನೆಯ ನಂಬಿಕೆ. ಪಾದವು ನೆಲವನ್ನು ನೂಕಿ ಪಡೆದ ಭ್ರಮಣವನ್ನು ದೇಹವು ಹೇಗೆ ವೆಚ್ಚ ಮಾಡುವುದೆಂಬುದು ತೋಳುಗಳ ಮೇಲೆ ನಿಂತಿದೆ. ತೋಳುಗಳು ದೂರ ಚಾಚಿದ್ದರೆ ಅದೇ ಭ್ರಮಣ ನಿಧಾನವಾಗಿಯೂ, ಎದೆಯ ಸಮೀಪಕ್ಕೆ ಬಂದರೆ ಶೀಘ್ರವಾಗಿಯೂ ನಡೆಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಬಲದಿಂದ ಭುಜವನ್ನು ಎಸೆದರೆ ದೊರೆಯುವುದು ಹೆಚ್ಚಿನ ಸುತ್ತಲ್ಲ, ಮುಂಡವು ಸೊಂಟಕ್ಕಿಂತ ಮುಂದೆ ಓಡಿ ಅಕ್ಷವೇ ಓರೆಯಾಗುವ ಅವಸ್ಥೆ. ಮೇಲಾಗಿ, ದೀರ್ಘವಾದ ಚಕ್ಕರುಗಳ ಸಾಲು ಒಂದೇ ನೂಕಿನಿಂದ ನಡೆಯುವುದೆಂದು ಭಾವಿಸುವುದೂ ತಪ್ಪು. ಕಥಕ್ಕಿನಲ್ಲಿ ಸಾಮಾನ್ಯವಾಗಿ ಎಡ ಹಿಮ್ಮಡಿಯು ಕೀಲಾಗಿ ದೇಹವು ಎಡಕ್ಕೆ ತಿರುಗುತ್ತಿರಲು, ಬಲಪಾದವು ಸುತ್ತುಸುತ್ತಿಗೂ ನೆಲವನ್ನು ತಟ್ಟಿ ಹೊಸ ಬಲವನ್ನು ಕೂಡಿಸುತ್ತದೆ. ಇಪ್ಪತ್ತೇಳು ಚಕ್ಕರುಗಳೆಂದರೆ ಲಯಬದ್ಧವಾಗಿ ಪೋಣಿಸಿದ ಇಪ್ಪತ್ತೇಳು ಬಿಡಿ ಚಕ್ಕರುಗಳು. ೧೮೯೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ‘ಸ್ವಾನ್ ಲೇಕ್’ ಬ್ಯಾಲೆಯ ಹೊಸ ಪ್ರಯೋಗದಲ್ಲಿ ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ೩೨ ಫುಯೆಟೆ ಸುತ್ತುಗಳನ್ನು ಮಾಡಿ ಜಗತ್ತನ್ನು ಬೆರಗುಗೊಳಿಸಿದಾಗಲೂ ರಹಸ್ಯ ಇಂಥದ್ದೇ ಆಗಿತ್ತು. ಪ್ರತಿ ಸುತ್ತಿನಲ್ಲಿಯೂ ಸಭೆಯ ಕಡೆಗೆ ಮುಖವಿರುವ ಕ್ಷಣದಲ್ಲಿ ಆಧಾರದ ಹಿಮ್ಮಡಿ ನೆಲಕ್ಕಿಳಿದು ಮೊಣಕಾಲು ಬಾಗುತ್ತದೆ, ಪಾದ ನೆಲವನ್ನು ನೂಕುತ್ತದೆ. ಆ ಹೊತ್ತಿಗೆ ಚಾಚಿದ ಇನ್ನೊಂದು ಕಾಲು ಭ್ರಮಣವನ್ನು ತನ್ನಲ್ಲಿ ಹೊತ್ತು ಬೀಸುತ್ತಿರುತ್ತದೆ. ಅದನ್ನು ಒಳಕ್ಕೆ ಮಡಚಿದೊಡನೆ ಇಡೀ ದೇಹ ತಿರುಗುತ್ತದೆ. ಪ್ರೇಕ್ಷಕನಿಗೆ ಅಖಂಡವೆಂದು ತೋರುವುದು ನರ್ತಕಿಯ ಪಾಲಿಗೆ ಮೂವತ್ತೆರಡು ಪುನರಾರಂಭಗಳು.

ಹಿಮ್ಮಡಿಯ ಮೇಲೆ ತಿರುಗುವುದು ಒರಟು ಕ್ರಮ, ಪಾದದ ಮುಂಭಾಗದ ಮೇಲೆ ತಿರುಗುವುದೇ ಶುದ್ಧವೆಂದು ವಾದಿಸುವವರಿದ್ದಾರೆ; ಇದಕ್ಕೆ ವಿರುದ್ಧವಾಗಿ ವಾದಿಸುವವರೂ ಇದ್ದಾರೆ. ಎರಡೂ ತಮ್ಮ ತಮ್ಮ ಪದ್ಧತಿಗೆ ಸೇರಿದ ನಿಯಮಗಳೇ ಹೊರತು ಪ್ರಕೃತಿಯ ಆಜ್ಞೆಗಳಲ್ಲ. ಬರಿಗಾಲಿನಲ್ಲಿ ಗೆಜ್ಜೆಯ ನಾದಕ್ಕೆ ನೆಲವನ್ನು ತಟ್ಟುವ ಕಥಕ್ಕಿಗೆ ಹಿಮ್ಮಡಿ ಒಪ್ಪುತ್ತದೆ, ಮೇಲಕ್ಕೆ ಏರುವ ರೇಖೆಯನ್ನು ಬಯಸುವ ಬ್ಯಾಲೆಗೆ ಪಾದಾಗ್ರ ಒಪ್ಪುತ್ತದೆ. ಅರೆಮಂಡಿಯಲ್ಲಿ ತಿರುಗುವ ಭರತನಾಟ್ಯದವರಿಗೆ ಗುರುತ್ವಕೇಂದ್ರ ತಗ್ಗಿರುವುದರಿಂದ ಬೇರೆಯೇ ಒಂದು ಅನುಕೂಲ ಉಂಟು. ಬೆಂಗಳೂರಿನಲ್ಲಿ ಹುಟ್ಟಿ, ಶಂಭು ಮಹಾರಾಜರ ಬಳಿ ಕಥಕ್ಕನ್ನು ಕಲಿತು, ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿ, ಮರಳಿ ಬೆಂಗಳೂರಿನಲ್ಲಿ ಸಂಸ್ಥೆಯನ್ನು ಬೆಳೆಸಿದ ಮಾಯಾ ರಾವ್ (೧೯೨೮–೨೦೧೪) ಅವರಂಥವರ ಬಾಳನ್ನು ನೆನೆದರೆ, ಎರಡು ಪದ್ಧತಿಗಳನ್ನು ಬಲ್ಲವರು ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲವೆಂಬುದು ಮನದಟ್ಟಾಗುತ್ತದೆ.

ಇನ್ನು ತಲೆಸುತ್ತಿನ ವಿಚಾರ. ವಿದ್ಯಾರ್ಥಿಗಳನ್ನು ಹೆದರಿಸುವುದು ಮುಖ್ಯವಾಗಿ ಇದೇ ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಸುತ್ತಿದಾಗ ತಲೆ ತಿರುಗುವುದು ನಿಶ್ಶಕ್ತಿಯ ಲಕ್ಷಣವೆಂದು ನಮ್ಮಲ್ಲಿ ರೂಢಿಯಾದ ಮಾತು. ನಿಜವಾಗಿ ಅದು ಆರೋಗ್ಯವಾದ ಒಳಗಿವಿಯ ಲಕ್ಷಣ. ಕಿವಿಯ ಒಳಭಾಗದಲ್ಲಿ ಒಂದಕ್ಕೊಂದು ಅಡ್ಡಲಾಗಿ ನಿಂತ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಲಾರಂಭಿಸಿದಾಗ ಆ ದ್ರವವು ಜಡತ್ವದಿಂದ ಹಿಂದುಳಿದು, ನಾಳದೊಳಗಿನ ಸೂಕ್ಷ್ಮವಾದ ಪೊರೆಯನ್ನು ಬಾಗಿಸುತ್ತದೆ. ‘ನಾನು ತಿರುಗುತ್ತಿದ್ದೇನೆ’ ಎಂಬ ವರ್ತಮಾನ ಮೆದುಳಿಗೆ ಹೋಗುತ್ತದೆ. ಅದೇ ವೇಗದಲ್ಲಿ ಬಹಳ ಹೊತ್ತು ತಿರುಗುತ್ತಿದ್ದರೆ ದ್ರವವೂ ಜೊತೆಗೂಡಿ, ಪೊರೆ ನೆಟ್ಟಗಾಗುತ್ತದೆ. ಆಗ ಥಟ್ಟನೆ ನಿಂತರೆ ದೇಹ ನಿಂತರೂ ದ್ರವ ನಿಲ್ಲದು. ಪೊರೆ ವಿರುದ್ಧ ದಿಕ್ಕಿಗೆ ಬಾಗಿ, ಜಗತ್ತೇ ತಿರುಗಿದಂತೆ ಭಾಸವಾಗುತ್ತದೆ. ಈ ಇಂದ್ರಿಯದ ವ್ಯಾಪಾರವನ್ನು ಶೋಧಿಸಿದ ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿಗೆ ೧೯೧೪ರ ನೊಬೆಲ್ ಪಾರಿತೋಷಕ ಸಂದಿತು. ಐದಾರು ಸೆಕೆಂಡುಗಳ ಚಕ್ಕರು ತಲೆಯನ್ನು ಅಷ್ಟಾಗಿ ಕೆಡಿಸದೆ, ದೀರ್ಘವಾದದ್ದು ಕೆಡಿಸುವುದೇಕೆಂಬುದೂ ಇದರಿಂದಲೇ ತಿಳಿಯುತ್ತದೆ: ಆರಂಭದ ಬಾಗುವಿಕೆ ಪೂರ್ತಿ ಅಳಿಯುವ ಮೊದಲೇ ನಿಂತರೆ, ನಿಲ್ಲುವಾಗಿನ ವಿರುದ್ಧವಾದ ಬಾಗುವಿಕೆಯೊಡನೆ ಅದು ಬಹುಪಾಲು ಸರಿಹೋಗುತ್ತದೆ.

ಎಡಕ್ಕೆ ಸುತ್ತಿ ತಲೆ ತಿರುಗಿದರೆ ಒಡನೆಯೇ ಬಲಕ್ಕೆ ಸುತ್ತಿ ಬಿಚ್ಚಿಕೊಳ್ಳಬೇಕೆಂದು ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ದೊಡ್ಡವರೂ ನಂಬುತ್ತಾರೆ. ಮೇಲಿನ ಮಾತನ್ನು ಹಿಂಬಾಲಿಸಿದವರಿಗೆ ಇದರ ಅಪಾಯ ಗೋಚರಿಸೀತು. ಎಡಗಡೆಯ ಸುತ್ತಿನಿಂದ ನಿಲ್ಲುವುದೂ ಬಲಗಡೆಗೆ ಹೊರಡುವುದೂ ಒಳಗಿವಿಯ ದ್ರವಕ್ಕೆ ಒಂದೇ ದಿಕ್ಕಿನ ತಳ್ಳಾಟ. ಆದ್ದರಿಂದ ಬಲಕ್ಕೆ ಹೊರಟ ಮೊದಲ ಕ್ಷಣಗಳಲ್ಲಿ ತೊಂದರೆ ತಗ್ಗುವುದಿಲ್ಲ, ಇಮ್ಮಡಿಸುತ್ತದೆ. ಬಲಗಡೆಯ ಸುತ್ತು ಮುಗಿದು ನಿಂತಾಗ ಎರಡೂ ಸ್ವಲ್ಪಮಟ್ಟಿಗೆ ತಟಸ್ಥವಾಗಬಹುದಾದರೂ, ಅಷ್ಟರೊಳಗೆ ಬೀಳದೆ ಇರುವುದು ಅದೃಷ್ಟದ ಮಾತು. ನಿಂತಲ್ಲಿಯೇ ನಿಂತು, ಎರಡೂ ಪಾದಗಳನ್ನು ನೆಲಕ್ಕೂರಿ, ದೂರದ ಒಂದು ವಸ್ತುವಿನಲ್ಲಿ ದೃಷ್ಟಿಯಿಟ್ಟು ಕಾಯುವುದೇ ಮೇಲು.

ದೃಷ್ಟಿಯೆಂದೊಡನೆ ಇನ್ನೊಂದು ನಂಬಿಕೆ ನೆನಪಿಗೆ ಬರುತ್ತದೆ: ಒಂದು ಬಿಂದುವಿನಲ್ಲಿ ಕಣ್ಣಿಟ್ಟು, ದೇಹ ತಿರುಗಿದರೂ ಮುಖವನ್ನು ಆದಷ್ಟು ಹೊತ್ತು ಅಲ್ಲಿಯೇ ನಿಲ್ಲಿಸಿ, ಕೊನೆಗೆ ತಲೆಯನ್ನು ಥಟ್ಟನೆ ಹೊರಳಿಸಿ ಅದೇ ಬಿಂದುವನ್ನು ಹಿಡಿದರೆ ತಲೆಸುತ್ತು ಬರುವುದೇ ಇಲ್ಲವೆಂಬುದು. ಉಪಾಯ ಅಮೂಲ್ಯವಾದದ್ದು, ಅದರ ಕಾರಣವನ್ನು ಮಾತ್ರ ತಪ್ಪಾಗಿ ಹೇಳಲಾಗುತ್ತಿದೆ. ದೇಹ ಎಷ್ಟು ಸುತ್ತು ಬರುವುದೋ ತಲೆಯೂ ಅಷ್ಟೇ ಸುತ್ತು ಬರುವುದರಿಂದ, ಕಿವಿಯ ದ್ರವವನ್ನು ಈ ಯುಕ್ತಿಯಿಂದ ವಂಚಿಸಲಾಗದು. ಲಾಭವೆಲ್ಲ ಕಣ್ಣಿನದು: ಪ್ರತಿ ಸುತ್ತಿನಲ್ಲಿಯೂ ಜಗತ್ತು ಒಂದು ಕ್ಷಣ ನಿಶ್ಚಲವಾಗಿ ಕಾಣುತ್ತದೆ, ರಂಗದ ಮುಂಭಾಗ ಯಾವ ಕಡೆಗಿದೆಯೆಂಬ ಅರಿವು ತಪ್ಪದು, ಲಯಕ್ಕೂ ಒಂದು ಗುರುತು ದೊರೆಯುತ್ತದೆ. ಕೊನ್ಯಾ ನಗರದ ಮೌಲವೀ ದರ್ವೇಶಿಗಳು ತಮ್ಮ ಸಮಾ ಆಚರಣೆಯಲ್ಲಿ ಹೀಗೆ ಬಿಂದುವನ್ನು ಹಿಡಿಯುವ ಗೋಜಿಗೇ ಹೋಗದೆ, ಎಡಪಾದವನ್ನು ಅಕ್ಷವಾಗಿಸಿಕೊಂಡು ಬಹಳ ಹೊತ್ತು ನಿಧಾನವಾಗಿ ಸುತ್ತುತ್ತಾರೆ. ಹಿಮದ ಮೇಲೆ ಜಾರುವ ಸ್ಕೇಟಿಂಗ್ ಪಟುಗಳ ಶೀಘ್ರವಾದ ಸುತ್ತಿನಲ್ಲಿ ತಲೆಯನ್ನು ಹಿಂದೆ ನಿಲ್ಲಿಸಲು ಅವಕಾಶವೇ ಇಲ್ಲ. ಇವರೆಲ್ಲ ನಿಲ್ಲಬಲ್ಲರಾದರೆ, ರಕ್ಷಿಸುವ ಶಕ್ತಿ ಕಣ್ಣಿಗಿಂತ ಆಳದಲ್ಲಿ ಬೇರೊಂದಿರಬೇಕಷ್ಟೆ.

ಅದು ಮೆದುಳಿನ ಒಗ್ಗುವಿಕೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ೨೯ ಮಂದಿ ಬ್ಯಾಲೆ ನರ್ತಕಿಯರನ್ನೂ, ಅವರಷ್ಟೇ ದೃಢಕಾಯರಾದರೂ ಸುತ್ತುವ ಅಭ್ಯಾಸವಿಲ್ಲದ ೨೦ ಮಂದಿ ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳನ್ನೂ ಕತ್ತಲೆಯಲ್ಲಿ ತಿರುಗುವ ಕುರ್ಚಿಯ ಮೇಲೆ ಕುಳ್ಳಿರಿಸಿ, ಕುರ್ಚಿ ನಿಂತ ಮೇಲೆ ತಿರುಗುವ ಭಾಸ ಎಷ್ಟು ಹೊತ್ತು ಉಳಿಯುವುದೆಂದು ಪರೀಕ್ಷಿಸಿ, ೨೦೧೩ರಲ್ಲಿ ಪ್ರಕಟಿಸಿದರು. ನರ್ತಕಿಯರಲ್ಲಿ ಆ ಭಾಸ ಬೇಗನೆ ಅಡಗಿತು. ಒಳಗಿವಿಯ ಸಂಜ್ಞೆಗಳನ್ನು ಸ್ವೀಕರಿಸುವ ಕಿರುಮೆದುಳಿನ ಒಂದು ಭಾಗ ಅವರಲ್ಲಿ ಕಿರಿದಾಗಿಯೂ ಕಂಡಿತು. ಕಿವಿ ಕಳುಹಿಸುವ ವರ್ತಮಾನವನ್ನು ಅನವಶ್ಯಕವೆಂದು ಬದಿಗಿಡಲು ಮೆದುಳು ವರ್ಷಗಳ ಸಾಧನೆಯಿಂದ ಕಲಿತಿರುವುದೆಂಬುದು ಅವರ ಅಭಿಪ್ರಾಯ. ಇದನ್ನು ಓದಿದಾಗ ನನಗಾದ ಸಂತೋಷ ಅಲ್ಪವಲ್ಲ. ತಲೆ ಸುತ್ತುವುದೆಂಬ ಒಂದೇ ಕಾರಣಕ್ಕೆ ಗೆಜ್ಜೆ ಬಿಚ್ಚಿಡುವ ಹುಡುಗಿಗೆ ಧೈರ್ಯ ಹೇಳಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಉಸಿರು ಬಿಗಿಹಿಡಿದು ಮೈಯನ್ನು ಕಂಬದಂತೆ ಮಾಡಿಕೊಳ್ಳಬೇಕೆಂಬ ಉಪದೇಶವೂ ಪರಿಶೀಲನಾರ್ಹ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಮುಂಡವನ್ನು ಒಂದಾಗಿ ಹಿಡಿದಿರಬೇಕೆಂಬುದು ನಿಜ. ಆದರೆ ಕತ್ತು, ದವಡೆ, ಭುಜಗಳು ಬಿಗಿದರೆ ತಲೆ ಸಡಿಲವಾಗಿ ಹೊರಳಲಾರದು, ಪಾದದ ಕೀಲು ಬಿಗಿದರೆ ತಿದ್ದುಪಡಿ ನಡೆಯಲಾರದು. ಸಮತೋಲನವೆಂಬುದು ಅಲುಗದ ಸ್ಥಿತಿಯಲ್ಲ, ಎಡೆಬಿಡದೆ ನಡೆಯುವ ಅತಿ ಕಿರಿದಾದ ತಿದ್ದುಪಡಿಗಳ ಧಾರೆ.

ನಿಲುಗಡೆಯೂ ತಾನಾಗಿ ಬರುವುದೆಂದು ಎಣಿಸುವುದು ಕೊನೆಯ ತಪ್ಪು. ಕೊನೆಯ ಚಕ್ಕರು ಮುಗಿದು ತಾಳದ ಸಮದ ಮೇಲೆ ಪಾದವಿಡುವ ಆ ಒಂದು ಮಾತ್ರೆಯಲ್ಲಿ, ತೋಳುಗಳನ್ನು ಬಿಚ್ಚಿ ವೇಗವನ್ನು ತಗ್ಗಿಸುವುದು, ಮೊಣಕಾಲನ್ನು ತುಸು ಸಡಿಲಿಸುವುದು, ದೃಷ್ಟಿಯನ್ನು ದೇಹಕ್ಕಿಂತ ಮೊದಲೇ ಎದುರಿಗೆ ತಂದಿಡುವುದು ಇವೆಲ್ಲ ನಡೆದುಹೋಗಬೇಕು. ರಸಿಕನು ಎಣಿಸುವ ಬದಲು ಈ ಕ್ಷಣವನ್ನು ಕಾದು ನೋಡುವುದನ್ನು ರೂಢಿಸಿಕೊಂಡರೆ, ಇಪ್ಪತ್ತೇಳು ಸುತ್ತಿ ಓಲಾಡಿದವರಿಗೂ ಮೂರೇ ಸುತ್ತಿ ಸಮವನ್ನು ಅಚ್ಚುಕಟ್ಟಾಗಿ ಹಿಡಿದವರಿಗೂ ಇರುವ ಅಂತರ ಅವನಿಗೆ ತಿಳಿಯುತ್ತದೆ.

ಅಭ್ಯಾಸದ ಪ್ರಮಾಣದ ಬಗೆಗೆ ಎರಡು ಮಾತು. ವಾರಕ್ಕೊಮ್ಮೆ ದಣಿಯುವಷ್ಟು ಸುತ್ತುವುದಕ್ಕಿಂತ ದಿನವೂ ಕೆಲವೇ ನಿಮಿಷ ಸುತ್ತುವುದು ಲೇಸು; ಓಕರಿಕೆ ಬರುವವರೆಗೆ ಎಳೆದರೆ ಮೆದುಳು ಕಲಿಯುವುದು ಭಯವನ್ನೇ. ಪಾದ ಅಂಟಿಕೊಳ್ಳುವ ನೆಲದ ಮೇಲೆ ಸುತ್ತಿದರೆ ತಿರುಚುವಿಕೆಯ ಪೆಟ್ಟೆಲ್ಲ ಮೊಣಕಾಲಿಗೆ ಬೀಳುವುದರಿಂದ, ಕಾಲು ಸೊಂಟದಿಂದ ಹಿಡಿದು ಪಾದದವರೆಗೆ ಒಂದಾಗಿ ತಿರುಗುವಷ್ಟು ನೆಲ ನಯವಾಗಿರಬೇಕು, ಜಾರುವಷ್ಟು ನಯವಾಗಿರಬಾರದು. ಮತ್ತು ಸುತ್ತದೆ ಇರುವಾಗಲೂ, ಹಾಸಿಗೆಯಲ್ಲಿ ಹೊರಳಿದಾಗಲೋ ಸುಮ್ಮನೆ ಕುಳಿತಾಗಲೋ ತಲೆ ತಿರುಗುವವರು, ಅದನ್ನು ನೃತ್ಯದ ಫಲವೆಂದು ಸಹಿಸಿಕೊಳ್ಳದೆ ಕಿವಿಯ ವೈದ್ಯರಿಗೆ ತೋರಿಸಿಕೊಳ್ಳತಕ್ಕದ್ದು.