ಕೈಯಿಂದ ಕಣ್ಣಿಗೆ: ವಿದ್ಯುತ್ ಪಿಕಪ್ಪಿನ ಚಾಲಕ ಕೊಠಡಿ

1925ರಲ್ಲಿ ಫೋರ್ಡ್ ಕಂಪೆನಿಯು ತನ್ನ ‘ಮಾಡೆಲ್ ಟಿ’ ಕಾರಿನ ಹಿಂಭಾಗಕ್ಕೆ ಉಕ್ಕಿನ ತೆರೆದ ತೊಟ್ಟಿಯೊಂದನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ 281 ಡಾಲರುಗಳಿಗೆ ಮಾರಲಾರಂಭಿಸಿದಾಗ ಅಮೆರಿಕದ ಒಕ್ಕಲಿಗನಿಗೆ ದೊರೆತದ್ದು ಹೊರೆ ಸಾಗಿಸುವ ಸಾಧನವೇ ಹೊರತು ಕುಳಿತು ಸುಖಿಸತಕ್ಕ ಕೊಠಡಿಯಲ್ಲ. ಒಂದು ಆಸನ, ಒಂದು ಚಕ್ರ, ಕಾಲಡಿಯಲ್ಲಿ ಮೂರು ಪೆಡಲುಗಳು. ಅಲ್ಲಿಗೆ ಒಳಾಂಗಣದ ವರ್ಣನೆ ಮುಗಿಯಿತು. ಒಂದು ಶತಮಾನದಷ್ಟು ಕಾಲ ಕಳೆದ ಮೇಲೆ, ಅದೇ ವಂಶದ ವಾಹನವು ಎಂಜಿನನ್ನು ತ್ಯಜಿಸಿ ವಿದ್ಯುತ್ತಿನಿಂದ ಚಲಿಸಲು ಕಲಿತಿರುವ ಈ ದಿನಗಳಲ್ಲಿ, ಚಾಲಕನು ಕುಳಿತುಕೊಳ್ಳುವ ಆ ನಾಲ್ಕಡಿ ಜಾಗದಲ್ಲಿ ಆಗಿರುವ ಪರಿವರ್ತನೆಯು ಚಕ್ರ ತಿರುಗಿಸುವ ಮೋಟಾರಿನ ಪರಿವರ್ತನೆಗಿಂತ ಯಾವ ರೀತಿಯಲ್ಲಿಯೂ ಕಡಿಮೆಯದಲ್ಲ.

2021ರಲ್ಲಿ ರಿವಿಯನ್ ಕಂಪೆನಿಯ ಆರ್1ಟಿ, ಅದರ ಮರುವರ್ಷ ಫೋರ್ಡಿನ ಎಫ್-150 ಲೈಟ್ನಿಂಗ್, 2023ರ ನವೆಂಬರ್ ಕೊನೆಗೆ ಟೆಸ್ಲಾದ ಸೈಬರ್‌ಟ್ರಕ್, ಹೀಗೆ ಒಂದರ ಹಿಂದೊಂದು ಅಮೆರಿಕದ ರಸ್ತೆಗಿಳಿದ ಈ ವಾಹನಗಳಲ್ಲಿ ಎಂಜಿನೂ ಇಲ್ಲ, ಗೇರುಪೆಟ್ಟಿಗೆಯಿಂದ ಹಿಂಗಾಲಿಗೆ ಹಾಯುವ ಉದ್ದನೆಯ ದಂಡವೂ ಇಲ್ಲವಾದುದರಿಂದ, ವಿನ್ಯಾಸಕಾರನಿಗೆ ಹಿಂದೆಂದೂ ಕಾಣದ ಸ್ವಾತಂತ್ರ್ಯ ಪ್ರಾಪ್ತವಾಯಿತು. ಬ್ಯಾಟರಿಯು ನೆಲದ ಕೆಳಗೆ ಹಾಸಿಕೊಂಡಿರುವ ಕಾರಣ ವಾಹನದ ಗುರುತ್ವಕೇಂದ್ರ ತಗ್ಗಿ, ತಿರುವಿನಲ್ಲಿ ಮಗುಚುವ ಭಯ ಕಡಿಮೆಯಾಗುತ್ತದೆ. ಎಂಜಿನಿನ ಸ್ಥಾನ ತೆರವಾದುದರಿಂದ ಅಪಘಾತದ ಆಘಾತವನ್ನು ಮುದುಡಿಕೊಂಡು ನುಂಗುವುದಕ್ಕೆ ಮುಂಭಾಗದಲ್ಲಿ ಅವಕಾಶ ಹೆಚ್ಚುತ್ತದೆ. ಲೈಟ್ನಿಂಗಿನಲ್ಲಿ ಆ ತೆರವಾದ ಜಾಗವೇ 400 ಲೀಟರಿನ ಸಾಮಾನುಪೆಟ್ಟಿಗೆಯಾಗಿದೆ. ಗೇರಿನ ಹಿಡಿಯನ್ನು ಮಡಚಿ ಆಸನಗಳ ನಡುವೆ ಮೇಜೊಂದನ್ನು ಬಿಡಿಸಿಕೊಳ್ಳುವ ಏರ್ಪಾಟನ್ನೂ ಅದರಲ್ಲಿ ಕಾಣಬಹುದು. ಕಟ್ಟಡದ ಕಾಮಗಾರಿ ನೋಡಿಕೊಳ್ಳುವ ಮೇಸ್ತ್ರಿಗೆ ಅದು ಕಚೇರಿಯೂ ಹೌದು, ಊಟದ ತಾಣವೂ ಹೌದು.

ಈ ಲಾಭಗಳೊಂದಿಗೆ ಬಂದ ನಷ್ಟವನ್ನು ಇನ್ನು ವಿಚಾರಿಸಬೇಕು. ಮೊದಲು ಕಿವಿಯನ್ನು ತೆಗೆದುಕೊಳ್ಳೋಣ. ಹಳೆಯ ಪಿಕಪ್ಪಿನ ಚಾಲಕನಿಗೆ ವೇಗವನ್ನು ತಿಳಿಸುತ್ತಿದ್ದುದು ಮುಳ್ಳಿಗಿಂತ ಹೆಚ್ಚಾಗಿ ಎಂಜಿನಿನ ದನಿ. ಏರಿನಲ್ಲಿ ಅದು ನರಳುತ್ತಿತ್ತು, ಇಳಿಜಾರಿನಲ್ಲಿ ಹಗುರಾಗುತ್ತಿತ್ತು. ಜಿಎಂಸಿ ಹಮ್ಮರ್‌ನಂತಹ ವಿದ್ಯುತ್ ಪಿಕಪ್ಪು ನಾಲ್ಕು ಟನ್ನಿಗೂ ಮೀರಿದ ತನ್ನ ದೇಹವನ್ನು ನಿಂತಲ್ಲಿಂದ ಗಂಟೆಗೆ 96 ಕಿಲೋಮೀಟರಿನ ವೇಗಕ್ಕೆ ಸುಮಾರು ಮೂರೇ ಸೆಕೆಂಡುಗಳಲ್ಲಿ, ಅದೂ ಗರ್ಜನೆಯಿಲ್ಲದೆ, ಒಯ್ಯಬಲ್ಲದು. ಅದರ ಬ್ಯಾಟರಿಯೊಂದೇ ಸುಮಾರು 1,300 ಕಿಲೋ ತೂಗುತ್ತದೆಂಬುದನ್ನು ಎತ್ತಿ ತೋರಿಸಿ, ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ಅಧ್ಯಕ್ಷೆಯು 2023ರ ಜನವರಿಯಲ್ಲಿ ಕಳವಳವನ್ನು ಬಹಿರಂಗವಾಗಿಯೇ ವ್ಯಕ್ತಪಡಿಸಿದರು. ಒಳಗೆ ಕುಳಿತವನಿಗೆ ಕವಚವಾದ ಭಾರವು ಎದುರಿಗೆ ಬರುವ ಸಣ್ಣ ಕಾರಿನವನ ಪಾಲಿಗೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಿವಿಯ ಸಾಕ್ಷ್ಯ ತಪ್ಪಿದ ಮೇಲೆ ವೇಗದ ಅರಿವಿಗೆ ಚಾಲಕನು ಕಣ್ಣನ್ನೇ ನಂಬಬೇಕಾಯಿತು.

ಆದರೆ ಕಣ್ಣಿಗೆ ಅದಕ್ಕಿಂತಲೂ ಭಾರವಾದ ಹೊರೆ ಬಂದದ್ದು ಕೈಯ ಕಡೆಯಿಂದ. ಕತ್ತಲೆಯಲ್ಲಿಯೂ ಮನೆಯಾಕೆಯ ಕೈಯು ಉಪ್ಪಿನ ಭರಣಿಯನ್ನು ತಡವರಿಸದೆ ಮುಟ್ಟುವಂತೆ, ಅನುಭವಿಯಾದ ಚಾಲಕನ ಬೆರಳು ದಾರಿಯಿಂದ ದೃಷ್ಟಿಯನ್ನು ಕದಲಿಸದೆಯೇ ವೈಪರಿನ ಕಡ್ಡಿಯನ್ನೋ ಬಿಸಿಗಾಳಿಯ ಗುಂಡಿಯನ್ನೋ ತಲಪುತ್ತಿತ್ತು. ಏಕೆಂದರೆ ಅವುಗಳಿಗೆ ನಿಯತವಾದ ಸ್ಥಾನವೂ ಆಕಾರವೂ ಇದ್ದುವು. ಸ್ಪರ್ಶಪರದೆಯ ಗಾಜು ಎಲ್ಲೆಲ್ಲಿಯೂ ಒಂದೇ ನುಣುಪು. ಆರ್1ಟಿಯಲ್ಲಿ ಗಾಳಿ ಬೀಸುವ ದಿಕ್ಕನ್ನು ಬದಲಿಸುವುದಕ್ಕೂ ಪರದೆಯ ಮುಂದೆ ಬೆರಳಾಡಿಸಬೇಕು. ಸೈಬರ್‌ಟ್ರಕ್ಕಿನಲ್ಲಿ ಮುಂದಕ್ಕೆ ಹೋಗುವುದೋ ಹಿಂದಕ್ಕೆ ಸರಿಯುವುದೋ ಎಂಬ ನಿರ್ಧಾರವು 18.5 ಅಂಗುಲದ ಪರದೆಯ ಅಂಚಿನಲ್ಲಿ ಬೆರಳನ್ನು ಜಾರಿಸುವುದರಿಂದ ಆಗುತ್ತದೆ. ಅದರಲ್ಲಿ ತಿರುವಿನ ದೀಪಗಳಿಗೆ ಕಡ್ಡಿಯಿಲ್ಲ, ಸ್ಟಿಯರಿಂಗಿನ ಮೇಲೆಯೇ ಗುಂಡಿಗಳಿವೆ. ಚಕ್ರ ತಿರುಗಿದಾಗ ಗುಂಡಿಯೂ ಅದರೊಡನೆ ತಿರುಗುತ್ತದಾದ್ದರಿಂದ, ವೃತ್ತವನ್ನು ಬಳಸಿ ಹೊರಬೀಳುವ ಸಮಯದಲ್ಲಿ ಬೆರಳು ಅದನ್ನು ಹುಡುಕಬೇಕಾಗುತ್ತದೆ.

ಸ್ವೀಡನ್ನಿನ ‘ವಿ ಬಿಲೆಗಾರೆ’ ಎಂಬ ವಾಹನಪತ್ರಿಕೆಯು 2022ರಲ್ಲಿ ಈ ವಿಷಯವನ್ನು ಅಳತೆಗೋಲಿಗೇ ಒಡ್ಡಿತು. ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಕೆಲವು ಸಾಮಾನ್ಯ ಕೆಲಸಗಳನ್ನು ಚಾಲಕರಿಂದ ಮಾಡಿಸಿದಾಗ, 2005ರ ಹಳೆಯ ವೋಲ್ವೊ ಕಾರಿನಲ್ಲಿ ಗುಂಡಿಗಳ ಸಹಾಯದಿಂದ ಅವು ಹತ್ತು ಸೆಕೆಂಡುಗಳಲ್ಲಿ ಮುಗಿದುವು, ಅಷ್ಟರಲ್ಲಿ ವಾಹನ ಕ್ರಮಿಸಿದ ದೂರ 306 ಮೀಟರು. ಪರದೆಯನ್ನೇ ನಂಬಿದ ಹೊಸ ಕಾರುಗಳ ಪೈಕಿ ಕೊನೆಯ ಸ್ಥಾನಕ್ಕೆ ಬಂದದ್ದು ಅದೇ ಕೆಲಸಗಳಿಗೆ 1,372 ಮೀಟರುಗಳನ್ನು ತೆಗೆದುಕೊಂಡಿತು. ಪರೀಕ್ಷಿಸಿದ್ದು ಕಾರುಗಳನ್ನು, ಪಿಕಪ್ಪುಗಳನ್ನಲ್ಲ; ಆದರೂ ಬೆರಳಿನ ಸ್ವಭಾವ ವಾಹನದೊಡನೆ ಬದಲಾಗುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯು, ಒಂದು ಸಲದ ನೋಟ ದಾರಿಯಿಂದ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕದಲಬಾರದು, ಒಂದು ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು ಮೀರಬಾರದು ಎಂದು 2013ರಲ್ಲಿಯೇ ಮಾರ್ಗಸೂಚಿಯನ್ನು ಹೊರಡಿಸಿತು. ಅದು ಸಲಹೆಯಾಗಿತ್ತೇ ಹೊರತು ಕಡ್ಡಾಯವಾಗಿರಲಿಲ್ಲ.

ತಯಾರಕರು ಪರದೆಗೆ ಮನಸೋಲುವುದಕ್ಕೆ ಸೌಂದರ್ಯಪ್ರೇಮಕ್ಕಿಂತ ಮಿತವ್ಯಯವೇ ಹೆಚ್ಚಿನ ಕಾರಣವೆಂದು ನನ್ನ ಅಭಿಪ್ರಾಯ. ಹತ್ತಾರು ಗುಂಡಿಗಳನ್ನೂ ಅವುಗಳ ತಂತಿಗಳನ್ನೂ ಒಂದು ಗಾಜು ನಿವಾರಿಸುತ್ತದೆ; ಮಾರಿದ ಮೇಲೆಯೂ ದೂರದಿಂದಲೇ ಅದನ್ನು ತಿದ್ದಬಹುದು. ಸ್ವಾರಸ್ಯವೆಂದರೆ, ಲೈಟ್ನಿಂಗಿನ ದುಬಾರಿ ಮಾದರಿಗಳಲ್ಲಿ 15.5 ಅಂಗುಲದ ನೀಳ ಪರದೆಯು ಗುಂಡಿಗಳನ್ನು ನುಂಗಿಹಾಕಿ, ದನಿಯನ್ನು ಏರಿಳಿಸುವ ಒಂದು ತಿರುಪನ್ನು ಮಾತ್ರ ಗಾಜಿನ ಮೇಲೆಯೇ ಉಳಿಸಿಕೊಂಡಿದ್ದರೆ, ಗುತ್ತಿಗೆದಾರರಿಗಾಗಿಯೂ ಕೆಲಸಗಾರರಿಗಾಗಿಯೂ ಮಾಡಿದ ಅಗ್ಗದ ‘ಪ್ರೊ’ ಮಾದರಿಯಲ್ಲಿ ಸಣ್ಣ ಪರದೆಯ ಕೆಳಗೆ ಗುಂಡಿಗಳು ಹಾಗೆಯೇ ಇವೆ. ದಪ್ಪ ಕೈಗವಸು ತೊಟ್ಟ ಕೈ ಗಾಜಿನ ಮುಂದೆ ಅಸಹಾಯಕವೆಂಬುದನ್ನು ಬಲ್ಲವರಿಗೆ, ಈ ಬಡವನ ಭಾಗ್ಯವು ಅಸೂಯೆಗೆ ಅರ್ಹವಾಗಿ ಕಾಣುತ್ತದೆ.

ತಿದ್ದುವ ವಿಷಯ ಬಂದುದರಿಂದ 2024ರ ಎರಡು ಘಟನೆಗಳನ್ನು ಇಲ್ಲಿ ಹೇಳಬೇಕು. ಫೆಬ್ರವರಿಯಲ್ಲಿ, ಬ್ರೇಕು ಮುಂತಾದ ಎಚ್ಚರಿಕೆಯ ಸಂಕೇತಗಳ ಅಕ್ಷರಗಳು ನಿಯಮ ವಿಧಿಸಿದ 3.2 ಮಿಲಿಮೀಟರಿಗಿಂತ ಚಿಕ್ಕವಾಗಿದ್ದ ಕಾರಣ, ಸೈಬರ್‌ಟ್ರಕ್ ಸಹಿತವಾಗಿ ಟೆಸ್ಲಾದ ಸುಮಾರು 22 ಲಕ್ಷ ವಾಹನಗಳ ದೋಷಪರಿಹಾರವನ್ನು ಕೈಗೊಳ್ಳಲಾಯಿತು. ಯಾರೊಬ್ಬರೂ ಗ್ಯಾರೇಜಿಗೆ ಹೋಗದೆ, ತಂತ್ರಾಂಶದ ಮೂಲಕವೇ ಅಕ್ಷರಗಳು ದೊಡ್ಡವಾದುವು. ಏಪ್ರಿಲಿನಲ್ಲಿ ಬಂದ ತೊಡಕು ಬೇರೆ ಬಗೆಯದು. ವೇಗದ ಪೆಡಲಿನ ಮೇಲ್ಹೊದಿಕೆಯು ಜಾರಿ ಮೇಲಿನ ಅಲಂಕಾರಪಟ್ಟಿಯಲ್ಲಿ ಸಿಕ್ಕಿಕೊಂಡು ಪೆಡಲನ್ನು ಒತ್ತಿಹಿಡಿಯಬಹುದೆಂದು ತಿಳಿದು 3,878 ಸೈಬರ್‌ಟ್ರಕ್ಕುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಜೋಡಣೆಯ ಕಾಲದಲ್ಲಿ ಹೊದಿಕೆ ಸುಲಭವಾಗಿ ಕೂರಲೆಂದು ಯಾರೋ ಸೋಪನ್ನು ಬಳಸಿದ್ದರು. ಯಾವ ತಂತ್ರಾಂಶವೂ ಇದಕ್ಕೆ ಮದ್ದಾಗಲಿಲ್ಲ. ಒಂದು ರಿವೆಟ್ಟನ್ನು ಹೊಡೆಯಬೇಕಾಯಿತು.

ಬಾಗಿಲನ್ನು ಕುರಿತು ಒಂದು ಮಾತು. ಅಪಘಾತವಾದ ಕೂಡಲೇ ಒಳಗಿದ್ದವರು ಹೊರಬರಬೇಕು, ಹೊರಗಿದ್ದವರು ಒಳಗಿನವರನ್ನು ಎಳೆಯಬೇಕು. ಸೈಬರ್‌ಟ್ರಕ್ಕಿನ ಹೊರಮೈಯಲ್ಲಿ ಹಿಡಿಯೇ ಇಲ್ಲ, ವಿದ್ಯುತ್ ಗುಂಡಿ ಮಾತ್ರ. ವಿದ್ಯುತ್ತು ತಪ್ಪಿದರೆ ಮುಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆಯಲು ಕೈಹಿಡಿಯಿದೆಯಾದರೂ, ಹಿಂದಿನ ಆಸನದವರು ಬಾಗಿಲಿನ ಜೇಬಿನ ತಳದಲ್ಲಿರುವ ರಬ್ಬರು ಹಾಸನ್ನೆತ್ತಿ ಅದರಡಿಯ ತಂತಿಯನ್ನು ಎಳೆಯಬೇಕು. ಹೊಗೆ ತುಂಬಿದ ಕತ್ತಲೆಯಲ್ಲಿ, ಕೈಪಿಡಿಯನ್ನು ಓದದ ಅತಿಥಿಯೊಬ್ಬನು ಇದನ್ನು ಮಾಡಬಲ್ಲನೆಂದು ನಂಬಿದ ವಿನ್ಯಾಸಕಾರನ ಆಶಾವಾದವನ್ನು ಮೆಚ್ಚುವುದು ಕಷ್ಟ.

ಇತ್ತ ಕೊಠಡಿಯೂ ಚಾಲಕನನ್ನು ನೋಡಲಾರಂಭಿಸಿದೆ. ಫೋರ್ಡಿನ ‘ಬ್ಲೂ ಕ್ರೂಸ್’ ವ್ಯವಸ್ಥೆಯು ಕೈ ಬಿಟ್ಟು ಓಡಿಸಲು ಅನುಮತಿಸುವ ಹೆದ್ದಾರಿಗಳಲ್ಲಿ, ಅವಕೆಂಪು ಕಿರಣದ ಕ್ಯಾಮೆರಾ ಒಂದು ಚಾಲಕನ ತಲೆಯನ್ನೂ ಕಣ್ಣನ್ನೂ ಗಮನಿಸುತ್ತ, ಅವು ದಾರಿಯಿಂದ ದೂರವಾದರೆ ಎಚ್ಚರಿಸುತ್ತದೆ. ಒಂದು ಕೈಯಿಂದ ಕಣ್ಣನ್ನು ಪರದೆಗೆ ಕರೆದು, ಇನ್ನೊಂದು ಕೈಯಿಂದ ಅದನ್ನು ಗದರಿಸುವ ಈ ವೈಚಿತ್ರ್ಯಕ್ಕೆ ಪರಿಹಾರದ ಸುಳಿವು ಕಂಡಿರುವುದು ಯೂರೋಪಿನಲ್ಲಿ. ಅಲ್ಲಿನ ವಾಹನ ಸುರಕ್ಷೆಯ ಪರೀಕ್ಷಾಸಂಸ್ಥೆಯಾದ ಯೂರೋ ಎನ್‌ಕ್ಯಾಪ್, 2026ರಿಂದ ಮೊದಲುಗೊಂಡು ತಿರುವುದೀಪ, ಅಪಾಯದೀಪ, ಹಾರನ್, ವೈಪರ್, ತುರ್ತುಕರೆ ಎಂಬ ಐದಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಯನ್ನೋ ಕಡ್ಡಿಯನ್ನೋ ಇಟ್ಟವರಿಗೇ ಪೂರ್ಣ ಅಂಕಗಳೆಂದು ಸಾರಿದೆ. ಹಿಮ ಬೀಳುವ ನಾಡುಗಳಲ್ಲಿ ಮುಂಗಾಜಿನ ಮಂಜನ್ನು ತೊಲಗಿಸುವ ಗುಂಡಿಯು ಈ ಪಟ್ಟಿಯ ಆರನೆಯದಾಗಿ ಸೇರಬೇಕಿತ್ತು, ಸೇರಿಲ್ಲ.