ನಿಮ್ಮ ಬೋರಿನ ನೀರಿನ ವರದಿ ನೋಡಿದ್ದೀರಾ?

ಆಸ್ಪತ್ರೆಗೆ ಬರುವವರನ್ನು "ಬಿ.ಪಿ. ಎಷ್ಟಿದೆ, ಸಕ್ಕರೆ ಎಷ್ಟಿದೆ?" ಎಂದು ಕೇಳಿದರೆ ಈಗ ಹೆಚ್ಚಿನವರು ಅಂಕಿಯನ್ನೇ ಹೇಳುತ್ತಾರೆ. ಆದರೆ "ನೀವು ಕುಡಿಯುವ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ, ಫ್ಲೋರೈಡ್ ಎಷ್ಟಿದೆ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ನಮ್ಮ ಬೋರಿನ ನೀರು ಛಲೋ ಅದಾವ್ರಿ, ಕನ್ನಡಿಯಂಗ ತಿಳಿ ಅದಾವು."

ನೀರು ತಿಳಿಯಾಗಿರುವುದು ಒಳ್ಳೆಯದೇ. ಆದರೆ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಫ್ಲೋರೈಡಿಗೂ ಅಷ್ಟೇ. ಇವನ್ನು ಕಣ್ಣಿನಿಂದ ಅಥವಾ ನಾಲಿಗೆಯಿಂದ ಕಂಡುಹಿಡಿಯಲು ಆಗದು. ರಕ್ತದಲ್ಲಿನ ಸಕ್ಕರೆಯಂತೆ ಇವು ಕೂಡ ಪರೀಕ್ಷೆಯಿಂದ ಮಾತ್ರ ತಿಳಿಯುತ್ತವೆ.

ನಮ್ಮ ಭಾಗದ ನೀರು ಎಲ್ಲಿಂದ ಬರುತ್ತದೆ?

ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ ಹರಿಯುತ್ತವೆ. ಡೋಣಿ ದಂಡೆಯ ಎರೆಭೂಮಿ ಜೋಳಕ್ಕೆ ಹೆಸರುವಾಸಿ. ಆದರೆ ಆ ನದಿಯ ನೀರು ಸವುಳು ಎಂಬುದು ಹಿಂದಿನಿಂದಲೂ ಎಲ್ಲರಿಗೂ ಗೊತ್ತು. ಭೀಮಾ ನದಿಯು ಮಹಾರಾಷ್ಟ್ರದ ಪುಣೆ ಭಾಗದ ಹೊಳೆಗಳ ನೀರನ್ನು ಸೇರಿಸಿಕೊಂಡು, ಉಜನಿ ಜಲಾಶಯ ದಾಟಿ ನಮ್ಮಲ್ಲಿಗೆ ಬರುತ್ತದೆ. ಬರುವ ದಾರಿಯಲ್ಲಿ ಊರುಗಳ ಚರಂಡಿ ನೀರು ಮತ್ತು ಹೊಲಗಳಿಂದ ಹರಿದ ನೀರು ಅದಕ್ಕೆ ಸೇರುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಭಾಗಗಳಲ್ಲಿ ಭೀಮಾ, ಕೃಷ್ಣಾ ಎರಡೂ ಇದ್ದವು.

ನದಿಯ ನೀರನ್ನು ನಳಕ್ಕೆ ಬಿಡುವ ಮೊದಲು ಶುದ್ಧೀಕರಣ ಘಟಕದಲ್ಲಿ ಸೋಸಿ, ಕ್ಲೋರಿನ್ ಹಾಕುತ್ತಾರೆ. ಹೊಲದ ವಸ್ತಿಯ ಬೋರಿನ ನೀರು ಮಾತ್ರ ನೆಲದಿಂದ ನೇರವಾಗಿ ಕೊಡಕ್ಕೆ ಬರುತ್ತದೆ. ಆದ್ದರಿಂದ ಅದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ನೈಟ್ರೇಟ್: ಎಳೆಗೂಸಿಗೆ ಅಪಾಯ

ಬೆಳೆಗೆ ಹಾಕಿದ ಯೂರಿಯಾ ಪೂರ್ತಿಯಾಗಿ ಬೆಳೆಗೇ ಹೋಗುವುದಿಲ್ಲ. ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಳೆ ಮತ್ತು ನೀರಾವರಿಯ ನೀರಿನ ಜೊತೆ ಕೆಳಗಿಳಿಯುತ್ತದೆ. ತಿಪ್ಪೆ, ದನದ ಕೊಟ್ಟಿಗೆ, ಶೌಚಾಲಯದ ಗುಂಡಿ ಇವುಗಳಿಂದಲೂ ನೈಟ್ರೇಟ್ ಸೇರುತ್ತದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಶೇ. 48ರಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ದೇಶದಲ್ಲಿ ಇದಕ್ಕಿಂತ ಹೆಚ್ಚು ಇದ್ದದ್ದು ರಾಜಸ್ಥಾನದಲ್ಲಿ ಮಾತ್ರ.

ಮಿತಿ ಎಂದರೆ ಒಂದು ಲೀಟರಿಗೆ 45 ಮಿಲಿಗ್ರಾಂ. 15 ಲೀಟರಿನ ಕೊಡದಲ್ಲಿ ಲೆಕ್ಕ ಹಾಕಿದರೆ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು, ಒಂದೆರಡು ಚಿಟಿಕೆ ಉಪ್ಪಿನಷ್ಟು.

ದೊಡ್ಡವರ ದೇಹ ಇದನ್ನು ಬಹುಮಟ್ಟಿಗೆ ಮೂತ್ರದ ಮೂಲಕ ಹೊರಹಾಕುತ್ತದೆ. ಆರು ತಿಂಗಳೊಳಗಿನ ಕೂಸಿನ ಮಾತು ಬೇರೆ. ಅದರ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗಿ ಬದಲಾಗಿ, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಕೂಸಿನ ತುಟಿ, ಉಗುರು ಬೂದು ನೀಲಿ ಬಣ್ಣಕ್ಕೆ ತಿರುಗುತ್ತವೆ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಈ ಕಾಯಿಲೆಗೂ ಬಾವಿ ನೀರಿನ ನೈಟ್ರೇಟಿಗೂ ಇರುವ ಸಂಬಂಧವನ್ನು ಮೊದಲು ತೋರಿಸಿದರು. ಅವರು ನೋಡಿದ್ದು ಬಾವಿ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿದ ರೈತರ ಕೂಸುಗಳನ್ನು.

ಇಲ್ಲಿ ತಾಯಂದಿರು ಮತ್ತು ಅಜ್ಜಿಯಂದಿರು ಎರಡು ಮಾತು ನೆನಪಿಡಬೇಕು.

ಮೊದಲನೆಯದು, ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ನೈಟ್ರೇಟ್ ಹೋಗುವುದಿಲ್ಲ. 45 ಮಿಲಿಗ್ರಾಂ ಇರುವ ಎರಡು ಲೀಟರ್ ನೀರು ಕುದಿದು ಒಂದೂವರೆ ಲೀಟರಾದರೆ, ಅದರಲ್ಲಿ ನೈಟ್ರೇಟ್ ಲೀಟರಿಗೆ 60 ಮಿಲಿಗ್ರಾಂ ಆಗಿರುತ್ತದೆ. ನೀರು ಆವಿಯಾಯಿತು, ನೈಟ್ರೇಟ್ ಉಳಿಯಿತು.

ಎರಡನೆಯದು, ಮೊದಲ ಆರು ತಿಂಗಳು ಕೂಸಿಗೆ ಎದೆಹಾಲು ಮಾತ್ರ ಸಾಕು. ಬೇಸಿಗೆಯಲ್ಲಿಯೂ ಬೇರೆ ನೀರು ಬೇಡ. ತಾಯಿ ಕುಡಿದ ನೀರಿನ ನೈಟ್ರೇಟ್ ಎದೆಹಾಲಿಗೆ ಬಹಳ ಕಡಿಮೆ ಹೋಗುತ್ತದೆ. ಯಾವುದೋ ಕಾರಣದಿಂದ ಬಾಟಲಿ ಹಾಲು ಅನಿವಾರ್ಯವಾದರೆ ಅದಕ್ಕೆ ಬಳಸುವ ನೀರು ಪರೀಕ್ಷೆಯಾದ ನೀರೇ ಆಗಿರಬೇಕು. ಕೂಸಿನ ತುಟಿ ನೀಲಿಯಾದರೆ ಕಾರಣ ಏನೇ ಇರಲಿ, ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ತನ್ನಿ. ಯಾವ ನೀರು ಕೊಟ್ಟಿದ್ದೀರಿ ಎಂಬುದನ್ನೂ ವೈದ್ಯರಿಗೆ ಹೇಳಿ.

ಫ್ಲೋರೈಡ್: ಹಲ್ಲು ಮತ್ತು ಎಲುಬು

ಫ್ಲೋರೈಡ್ ಗೊಬ್ಬರದಿಂದಲ್ಲ, ಹೆಚ್ಚಾಗಿ ನೆಲದೊಳಗಿನ ಕಲ್ಲಿನಿಂದ ನೀರಿಗೆ ಸೇರುತ್ತದೆ. ಒಂದು ಬೋರಿನಲ್ಲಿ ಹೆಚ್ಚಿದ್ದು ಪಕ್ಕದ ಬೋರಿನಲ್ಲಿ ಕಡಿಮೆ ಇರಬಹುದು. ಹೀಗಾಗಿ "ಪಕ್ಕದವರದು ಪಾಸಾಗಿದೆ, ನಮ್ಮದೂ ಸರಿ ಇರುತ್ತದೆ" ಎಂದುಕೊಳ್ಳಬಾರದು. ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ, ಅದನ್ನು ಮೀರಬಾರದು.

ಎಂಟು ವರ್ಷದೊಳಗಿನ ಮಕ್ಕಳು ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದರೆ ಮುಂದೆ ಹುಟ್ಟುವ ಹಲ್ಲುಗಳಲ್ಲಿ ಬಿಳಿ ಇಲ್ಲವೆ ಕಂದು ಗೆರೆಗಳು ಮೂಡುತ್ತವೆ. ಎಷ್ಟು ತಿಕ್ಕಿದರೂ ಅವು ಹೋಗುವುದಿಲ್ಲ. ಬಹಳ ವರ್ಷ ಕುಡಿದರೆ ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುವುದಿಲ್ಲ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಮನೆಯಲ್ಲೇ ಮಾಡಿ ನೋಡಬಹುದಾದ ಮೂರು ಸರಳ ಪರೀಕ್ಷೆಗಳಿವೆ:

1. ಮೊಣಕಾಲು ಮಡಚದೆ ಬಗ್ಗಿ ನೆಲ ಅಥವಾ ಕಾಲ್ಬೆರಳು ಮುಟ್ಟಲು ಬರುತ್ತದೆಯೇ?
2. ಗದ್ದವನ್ನು ಎದೆಗೆ ತಾಗಿಸಲು ಬರುತ್ತದೆಯೇ?
3. ಎರಡೂ ತೋಳು ಚಾಚಿ, ಮಡಚಿ, ಕೈಯಿಂದ ತಲೆಯ ಹಿಂಭಾಗ ಮುಟ್ಟಲು ಬರುತ್ತದೆಯೇ?

ಬಾರದಿದ್ದರೆ ಫ್ಲೋರೈಡೇ ಕಾರಣವೆಂದು ಹೇಳಲಾಗದು. ಸಂಧಿವಾತ, ವಯಸ್ಸು, ಸಕ್ಕರೆ ಕಾಯಿಲೆಯೂ ಕಾರಣವಾಗಿರಬಹುದು. ಆದರೆ ಒಂದೇ ಮನೆಯಲ್ಲಿ, ಒಂದೇ ಓಣಿಯಲ್ಲಿ ಹಲವರಿಗೆ ಹೀಗಾಗಿದ್ದರೆ ವೈದ್ಯರಿಗೆ ತಿಳಿಸಿ, ನೀರನ್ನೂ ಪರೀಕ್ಷೆ ಮಾಡಿಸಿ.

ಇದನ್ನು ಔಷಧಿಯಿಂದ ಪೂರ್ತಿ ಗುಣಪಡಿಸಲು ಆಗದು. ನೀರು ಬದಲಿಸುವುದೇ ಮುಖ್ಯ ಉಪಾಯ. ಜೊತೆಗೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ನೆಲ್ಲಿಕಾಯಿ, ನಿಂಬೆಹಣ್ಣು ಆಹಾರದಲ್ಲಿರಲಿ. ಹಾಲಿಲ್ಲದ ಕಪ್ಪು ಚಹಾ ಕಡಿಮೆ ಮಾಡಿ. ಚಹಾಪುಡಿಯಲ್ಲಿಯೂ ಫ್ಲೋರೈಡ್ ಇರುತ್ತದೆ.

ಸವುಳು ನೀರು ಮತ್ತು ಮೂತ್ರಕಲ್ಲು

"ಗಡಸು ನೀರು ಕುಡಿದೇ ಕಲ್ಲಾಯಿತು" ಎಂದು ಹಲವರು ಹೇಳುತ್ತಾರೆ. ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಎಂಬುದಕ್ಕೆ ಸ್ಪಷ್ಟ ಆಧಾರವಿಲ್ಲ. ನಮ್ಮ ಬಿಸಿಲಿನಲ್ಲಿ ದುಡಿದು ಕಡಿಮೆ ನೀರು ಕುಡಿಯುವುದು ದೊಡ್ಡ ಕಾರಣ. ನೀರು ಸಪ್ಪಗಿಲ್ಲವೆಂದು ಕುಡಿಯುವುದನ್ನೇ ಕಡಿಮೆ ಮಾಡಬೇಡಿ. ಒಳ್ಳೆಯ ನೀರು ತಂದು ಸಾಕಷ್ಟು ಕುಡಿಯಿರಿ. ಬಿ.ಪಿ., ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರು ಮನೆಯ ನೀರು ಉಪ್ಪಾಗಿದ್ದರೆ ವೈದ್ಯರಿಗೆ ಹೇಳಬೇಕು. ಎಷ್ಟು ನೀರು ಕುಡಿಯಬೇಕೆಂಬುದನ್ನೂ ಅವರನ್ನೇ ಕೇಳಬೇಕು.

ಬೆಳೆಗೆ ಹೊಡೆಯುವ ಎಣ್ಣೆ

ತೊಗರಿ, ಹತ್ತಿ, ದ್ರಾಕ್ಷಿ, ದಾಳಿಂಬೆಗೆ ಕೀಟನಾಶಕ ಹೊಡೆಯುತ್ತೇವೆ. ನೀರಿನಲ್ಲಿ ಇದರ ಅಂಶ ಸಾಮಾನ್ಯವಾಗಿ ಮಿಲಿಗ್ರಾಂನ ಸಾವಿರದ ಒಂದು ಭಾಗದ ಲೆಕ್ಕದಲ್ಲಿರುತ್ತದೆ. ಹಳ್ಳಿಯ ಪರೀಕ್ಷಾ ಕಿಟ್ಟಿನಲ್ಲಿ ಇದು ಗೊತ್ತಾಗುವುದಿಲ್ಲ, ದೊಡ್ಡ ಪ್ರಯೋಗಾಲಯವೇ ಬೇಕು.

ಕಾಸರಗೋಡಿನ ಕನ್ನಡ ಹಳ್ಳಿಗಳ ಉದಾಹರಣೆ ನೋಡಿ. ಅಲ್ಲಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆ ಏಕೆ ಎಂದು ಮೊದಲು ಪ್ರಶ್ನಿಸಿದವರಲ್ಲಿ ಪಡ್ರೆ ಗ್ರಾಮದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. 2001ರಲ್ಲಿ ದೆಹಲಿಯ ಸಂಸ್ಥೆಯೊಂದು ಅಲ್ಲಿನ ನೀರು, ಮಣ್ಣು, ರಕ್ತದ ಮಾದರಿ ಪರೀಕ್ಷಿಸಿ ವಿಷದ ಅಂಶ ಇದೆಯೆಂದು ವರದಿ ಕೊಟ್ಟಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಷೇಧಿಸಿತು. ಪರೀಕ್ಷೆ ತಡವಾದರೆ ಎಷ್ಟು ವರ್ಷ ಕಳೆದುಹೋಗುತ್ತವೆ ಎಂಬುದಕ್ಕೆ ಇದೇ ಸಾಕ್ಷಿ.

ಆದ್ದರಿಂದ ಪಂಪನ್ನು ಬಾವಿ, ಹಳ್ಳ, ಕಾಲುವೆಯಲ್ಲಿ ತೊಳೆಯಬೇಡಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ ಹೊಲಕ್ಕೆ ಹೊಡೆಯಿರಿ. ನಂತರ ಡಬ್ಬಿಗೆ ತೂತು ಮಾಡಿ. ಅದರಲ್ಲಿ ನೀರು, ಅಡುಗೆ ಎಣ್ಣೆ ಏನನ್ನೂ ತುಂಬಬಾರದು.

ನೀರನ್ನು ಯಾರು ಪರೀಕ್ಷಿಸುತ್ತಾರೆ?

ನದಿ ನೀರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಡುತ್ತದೆ. ಅಂತರ್ಜಲವನ್ನು ಕೇಂದ್ರೀಯ ಅಂತರ್ಜಲ ಮಂಡಳಿ ಹಾಗೂ ರಾಜ್ಯದ ಅಂತರ್ಜಲ ನಿರ್ದೇಶನಾಲಯ ಆಯ್ದ ವೀಕ್ಷಣಾ ಬಾವಿಗಳಲ್ಲಿ ನೋಡುತ್ತವೆ. ಹಳ್ಳಿಗಳ ಕುಡಿಯುವ ನೀರು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಹೊಣೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ನಿಯಮದಂತೆ ಸಾರ್ವಜನಿಕ ನೀರಿನ ಮೂಲಗಳಿಗೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಆಗಬೇಕು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ಟಿನಿಂದ ಪರೀಕ್ಷೆ ಮಾಡುವ ತರಬೇತಿ ಕೊಡಬೇಕು. ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ. ಅದು ನಿಮ್ಮ ಹಕ್ಕು.

ಆದರೆ ನಿಮ್ಮ ಸ್ವಂತ ಬೋರು ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದನ್ನು ನೀವೇ ಪರೀಕ್ಷೆ ಮಾಡಿಸಬೇಕು. ಇಲಾಖೆಯ ಪ್ರಯೋಗಾಲಯದಲ್ಲಿ ಸಾರ್ವಜನಿಕರೂ ಕಡಿಮೆ ಶುಲ್ಕಕ್ಕೆ ಮಾಡಿಸಬಹುದು.

ನೀರು ಒಯ್ಯುವ ಕ್ರಮ:

1. ಸ್ವಚ್ಛವಾದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಇರಲಿ. ಫಿನಾಯಿಲ್, ಕೀಟನಾಶಕ ಇದ್ದ ಬಾಟಲಿ ಬೇಡ.
2. ಬೋರನ್ನು ಐದರಿಂದ ಹತ್ತು ನಿಮಿಷ ಓಡಿಸಿ. ಅದೇ ನೀರಿನಿಂದ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿ.
3. ಊರು, ನೀರಿನ ಮೂಲ, ದಿನಾಂಕ ಬರೆದು ಅಂಟಿಸಿ. ನೆರಳಿನಲ್ಲಿಟ್ಟು ಅದೇ ದಿನ ಇಲ್ಲವೆ ಮರುದಿನ ಮುಟ್ಟಿಸಿ.
4. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಬಾಟಲಿಯನ್ನೇ ಬಳಸಿ.

ವರದಿಯಲ್ಲಿ ಮಿತಿ ಮೀರಿದ್ದರೆ ಗಾಬರಿ ಬೇಡ. ಸ್ನಾನಕ್ಕೆ, ಬಟ್ಟೆಗೆ ಆ ನೀರು ನಡೆಯುತ್ತದೆ. ಕುಡಿಯಲು ಮತ್ತು ಅಡುಗೆಗೆ ಮಾತ್ರ ನಳದ ನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತನ್ನಿ. ಘಟಕದಲ್ಲಿ ಆರ್.ಓ. ಯಂತ್ರವಿದ್ದರೆ ಅದು ನೈಟ್ರೇಟ್, ಫ್ಲೋರೈಡ್ ಎರಡನ್ನೂ ಬಹುಪಾಲು ತೆಗೆಯುತ್ತದೆ. ಆದರೆ ಅದರ ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ವಿಚಾರಿಸಿ. ಬಟ್ಟೆಯಲ್ಲಿ ಸೋಸುವುದರಿಂದ ಇವು ಹೋಗುವುದಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಹಳೆಯ ಚೀಟಿ, ಎಕ್ಸ್‌ರೇ ಜೊತೆ ನಿಮ್ಮ ನೀರಿನ ವರದಿಯನ್ನೂ ತನ್ನಿ. ಬಾಣಂತಿ, ಎಳೆಗೂಸು ಇರುವ ಮನೆಯವರು ಅಲ್ಲಿಯವರೆಗೆ ಕಾಯದೆ ಈ ವಾರವೇ ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ.